ಒಂಬತ್ತು ಸಿಂಫೊನಿ, ಒಂದು ರಬ್ಬರು

ಜನವರಿ ೨೦, ಸೋಮವಾರ

ಹೊಸ ಕಂಡಕ್ಟರು ಇವತ್ತು ನನ್ನ ಲೈಬ್ರರಿಗೆ ಬಂದಿದ್ದರು. ಚಿಕ್ಕಮ್ಮನಿಗೆ ಫೋನಿನಲ್ಲಿ ಈ ವಿಷಯ ಹೇಳಿದರೆ, “ಯಾವ ರೂಟಿನ ಬಸ್ಸೇ ಅದು?” ಎಂದು ಕೇಳಿದಳು. ಹನ್ನೊಂದು ವರ್ಷದಿಂದ ಇದೇ ಪ್ರಶ್ನೆ, ಇದೇ ನಗು. ಎಂಬತ್ತು ಜನ ವಾದ್ಯಗಾರರ ಮುಂದೆ ನಿಂತು ಕೋಲು ಬೀಸುವವರು ಎಂದು ನಾನೂ ಪ್ರತಿ ಸಲ ವಿವರಿಸುತ್ತೇನೆ.

ವಯಸ್ಸು ಮೂವತ್ತೈದು ಇರಬಹುದು. ಗಡ್ಡ ಇನ್ನೂ ಬರಲೋ ಬೇಡವೋ ಎಂದು ಯೋಚಿಸುತ್ತಿರುವ ಹಾಗಿದೆ. ಮಾರ್ಚಿ ತಿಂಗಳಲ್ಲಿ ಅಜ್ಜನ ಒಂಬತ್ತೂ ಸಿಂಫೊನಿಗಳನ್ನು ಸಾಲಾಗಿ ನುಡಿಸಬೇಕಂತೆ. ಅಜ್ಜ ಎಂದರೆ ಕಿವಿ ಪೂರ್ತಿ ಹೋದ ಮೇಲೂ ಸಂಗೀತ ಬರೆದ ಆ ಮಹಾನುಭಾವನಿಗೆ ನಮ್ಮವರು ಇಟ್ಟ ಹೆಸರು. ತೀರಿಕೊಂಡು ಇನ್ನೂರು ವರ್ಷವಾಗುತ್ತ ಬಂದರೂ ಯಜಮಾನಿಕೆ ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಕಪಾಟಿನಿಂದ ಒಂದು ಪಾರ್ಟು ಎಳೆದು ನೋಡಿದರು. ಪಾರ್ಟು ಎಂದರೆ ಒಬ್ಬೊಬ್ಬ ವಾದ್ಯಗಾರನ ಮುಂದೆ ಇರುವ, ಅವನ ಸ್ವರಗಳಷ್ಟೇ ಇರುವ ಹಾಳೆಗಳು. ನಮ್ಮ ಪಾರ್ಟುಗಳ ಮೇಲೆ ಮೂವತ್ತು ವರ್ಷದ ಪೆನ್ಸಿಲ್ ಗುರುತುಗಳಿವೆ. ಎಚ್ಚರವಿರಲಿ ಎನ್ನಲು ಬರೆದ ಕನ್ನಡಕದ ಚಿತ್ರ, “ಬೇಗ ತಿರುವು”, “ಇಲ್ಲಿ ಕೆಮ್ಮಬೇಡ ಮಾರಾಯ”, ಕಮಾನು ಮೇಲಕ್ಕೆ, ಕಮಾನು ಕೆಳಕ್ಕೆ.

“ಇದೇನ್ರೀ, ಸಂಗೀತವೋ ಗೋಡೆ ಬರಹವೋ?” ಎಂದರು. “ಎಲ್ಲಾ ಅಳಿಸಿಬಿಡಿ. ನನಗೆ ಖಾಲಿ ಕಾಗದ ಬೇಕು.”

ಆಗಲಿ ಎಂದೆ. ಹೇಳಿದಷ್ಟು ಮಾಡುವುದು ನನ್ನ ಸ್ವಭಾವ, ಅದಕ್ಕೇ ಈ ಕೋಣೆಯಲ್ಲಿ ನನಗೂ ಬೇರೆಯವರಿಗೂ ಜಗಳವಾಗಿಲ್ಲ.

ಜನವರಿ ೨೪, ಶುಕ್ರವಾರ

ಅಳಿಸುತ್ತಿದ್ದೇನೆ. ಮಣಿಕಟ್ಟು ನೋಯುತ್ತಿದೆ. ಮೊದಲನೆಯದೂ ಎರಡನೆಯದೂ ಬೆಳ್ಳಗಾದವು.

ಟಿಂಪನಿ, ಅಂದರೆ ನಮ್ಮ ದೊಡ್ಡ ನಗಾರಿಗಳನ್ನು, ಬಾರಿಸುವವರು ದಿನಕ್ಕೊಮ್ಮೆ ಹಣಕಿ ನೋಡುತ್ತಾರೆ. ಅವರ ಕೆಲಸದಲ್ಲಿ ಮುಕ್ಕಾಲು ಪಾಲು ಸುಮ್ಮನೆ ಕೂತು ಬಾರು, ಅಂದರೆ ತಾಳದ ಆವರ್ತ, ಎಣಿಸುವುದೇ, ಹಾಗಾಗಿ ಹೊರಗೆ ಬಂದರೆ ಬಾಯಿ ನಿಲ್ಲುವುದಿಲ್ಲ. ಇವತ್ತು ಒಂದನೇ ಓಬೋದ ಕಡತ ನನ್ನ ಕೈಯಲ್ಲಿತ್ತು. ಓಬೋ ಎಂದರೆ ಶಹನಾಯಿಯ ಜಾತಿಯ ಊದುವ ವಾದ್ಯ.

“ಅಕ್ಕನ ಅಕ್ಷರ ಅಳಿಸೋಕೆ ಮನಸ್ಸಾದ್ರೂ ಹೇಗೆ ಬಂತಮ್ಮಾ?”

“ರಬ್ಬರಿಗೆ ಓದೋಕೆ ಬರಲ್ಲ ಸಾರ್.”

ಒಂದನೇ ಓಬೋ ಮೂವತ್ತೊಂದು ವರ್ಷ ನುಡಿಸಿ ನಾಲ್ಕು ವರ್ಷದ ಹಿಂದೆ ನಿವೃತ್ತಳಾದಳು. ನನಗಿಂತ ಆರು ವರ್ಷ ಮೊದಲು ಅದೇ ತಾಯಿಗೆ ಹುಟ್ಟಿದವಳು. ನಾವು ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ಎರಡನೇ ಪಿಟೀಲಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಾದಾಗ ನಾನು ಪರದೆಯ ಹಿಂದೆ ನಿಂತು ಪರೀಕ್ಷೆ ಕೊಟ್ಟೆ. ನುಡಿಸುತ್ತಿರುವುದು ಯಾರೆಂದು ಗೊತ್ತಾಗಬಾರದು ಎಂದೇ ಆ ಪರದೆ. ಆಚೆಗೆ ಐವರು ಕೂತಿದ್ದರು, ಅವಳೂ ಒಬ್ಬಳು. ಇಬ್ಬರು ಬೇಕು ಎಂದರು, ಮೂವರು ಬೇಡ ಎಂದರು. ಯಾರು ಯಾವ ಕಡೆ ಎನ್ನುವುದು ಈ ಕಟ್ಟಡದಲ್ಲಿ ಒಂದು ವಾರವೂ ಗುಟ್ಟಾಗಿ ಉಳಿಯುವುದಿಲ್ಲ. ಆಮೇಲೆ ಪಾಪ ಎಂದು ನನಗೆ ಲೈಬ್ರರಿ ಕೊಟ್ಟರು.

ಅಷ್ಟೇ. ಇದರಲ್ಲಿ ಬರೆದಿಡುವಂಥದ್ದು ಏನೂ ಇಲ್ಲ.

ಫೆಬ್ರವರಿ ೭, ಶುಕ್ರವಾರ

ಮುಗಿಯಿತು. ಒಂಬತ್ತೂ ಶುಭ್ರ. ಗುಡಿಸಿದರೆ ಅರ್ಧ ಬಕೆಟ್ ರಬ್ಬರಿನ ಪುಡಿ. ಕಂಡಕ್ಟರು ಭೇಷ್ ಎಂದರು.

ಫೆಬ್ರವರಿ ೧೨, ಬುಧವಾರ

ಇವತ್ತು ಮೊದಲ ರಿಹರ್ಸಲ್ಲು, ಮೂರನೇ ಸಿಂಫೊನಿ. ನಾನು ಹಾಲಿನ ಹಿಂದಿನ ಸಾಲಿನಲ್ಲಿ ಕೂತಿದ್ದೆ.

ಎರಡನೇ ಪುಟಕ್ಕೇ ಸೆಲ್ಲೋದವರು ಅಪಸ್ವರ ನುಡಿಸಿದರು. ಕೋಲು ನಿಂತಿತು. “ಪಾರ್ಟಿನಲ್ಲಿ ಹೀಗೇ ಇದೆ ಸಾರ್” ಎಂದರು. ಮತ್ತೆ ಶುರುವಾಯಿತು. ಈ ಸಲ ಕೊಂಬಿನವರು. ಆಮೇಲೆ ಪಿಟೀಲಿನ ಅಣ್ಣ ವಯೋಲಾದವರು. ಒಂದು ಗಂಟೆಯಲ್ಲಿ ಒಂಬತ್ತು ಸಲ ನಿಂತಿತು, ಒಂಬತ್ತು ಸಲವೂ ಅದೇ ಉತ್ತರ, ಪಾರ್ಟಿನಲ್ಲಿ ಹೀಗೇ ಇದೆ.

ಐದನೇ ಸಲಕ್ಕೆ ನನಗೆ ಅರ್ಥವಾಯಿತು. ನಮ್ಮ ಪಾರ್ಟುಗಳು ಹಳೆಯ ಅಗ್ಗದ ಅಚ್ಚಿನವು, ತುಂಬ ಮುದ್ರಣದೋಷಗಳು. ಮೂವತ್ತು ವರ್ಷದಲ್ಲಿ ಒಂದೊಂದೇ ಸಿಕ್ಕಿದ ಹಾಗೆ ನುಡಿಸುವವರು ಪೆನ್ಸಿಲಿನಲ್ಲಿ ತಿದ್ದಿಕೊಂಡಿದ್ದರು. ಕನ್ನಡಕದ ಚಿತ್ರಗಳ ಜೊತೆಗೆ ಆ ತಿದ್ದುಪಡಿಗಳನ್ನೂ ಅಳಿಸಿದ್ದೇನೆ. ಕಳೆ ಕೀಳಲು ಹೋಗಿ ಪೈರನ್ನೂ ಕಿತ್ತಿದ್ದೇನೆ. ಹೇಳಿದವರು ಅವರೇ ಇರಬಹುದು, ಆದರೆ ಇದು ಗೊತ್ತಿರಬೇಕಾದವಳು ನಾನು. ಹಳಬರು ಅರ್ಧಕ್ಕರ್ಧ ನಿವೃತ್ತರಾಗಿದ್ದಾರೆ. ಉಳಿದವರ ಕಣ್ಣು ಕಾಗದದ ಮೇಲೆ, ಕೈ ಕಣ್ಣು ಹೇಳಿದ ಹಾಗೆ.

ಮಧ್ಯಾಹ್ನ ಮ್ಯಾನೇಜರು ಕರೆದರು. ಧ್ವನಿ ಏರಿಸುವವರಲ್ಲ, ಅದೇ ಕಷ್ಟ.

“ಕಂಡಕ್ಟರು ಇವತ್ತೇ ಊರಿಗೆ ಹೊರಟ್ರು, ಇಪ್ಪತ್ನಾಲ್ಕಕ್ಕೆ ವಾಪಸ್ ಬರ್ತಾರೆ. ಅಷ್ಟರಲ್ಲಿ ಸರಿಯಾಗಿದ್ರೆ ಸರಿ. ಇಲ್ಲಾಂದ್ರೆ ಹೊರಗಿಂದ ಬಾಡಿಗೆ ಪಾರ್ಟು ತರಿಸ್ತೀನಿ. ಇನ್ಮೇಲೆ ಎಲ್ಲದಕ್ಕೂ ಬಾಡಿಗೇನೇ. ಆಮೇಲೆ ಲೈಬ್ರರಿ ಯಾಕೆ ಬೇಕು, ನೀವೇ ಹೇಳಿ?”

ಫೆಬ್ರವರಿ ೧೩, ಗುರುವಾರ

ಬೆಳಿಗ್ಗೆ ಏಳಕ್ಕೇ ಹೋಗಿ ಕೂತೆ. ಎಲ್ಲ ವಾದ್ಯಗಳೂ ಒಟ್ಟಿಗೆ ಇರುವ ದೊಡ್ಡ ಪುಸ್ತಕ, ಅಂದರೆ ಸ್ಕೋರು, ಕಪಾಟಿನಲ್ಲಿದೆ. ಅದನ್ನೂ ಪಾರ್ಟನ್ನೂ ಪಕ್ಕಪಕ್ಕ ಇಟ್ಟು ಸ್ವರ ಸ್ವರ ಹೋಲಿಸಿದೆ. ಒಂದು ಸಿಂಫೊನಿಯ ಒಂದು ಭಾಗದ ಒಂದೇ ಒಂದು ಪಾರ್ಟಿಗೆ ಮಧ್ಯಾಹ್ನವಾಯಿತು. ಈ ಲೆಕ್ಕದಲ್ಲಿ ಹೋದರೆ ಒಂಬತ್ತನೆಯದು ಮುಗಿಯುವ ಹೊತ್ತಿಗೆ ನನ್ನ ಶ್ರಾದ್ಧವಾಗಿರುತ್ತದೆ. ಮೇಲಾಗಿ ಆ ಸ್ಕೋರೂ ಅದೇ ಅಚ್ಚುಕೂಟದ್ದು, ಕೆಲವು ಕಡೆ ಇಬ್ಬರೂ ಸೇರಿಯೇ ಸುಳ್ಳು ಹೇಳುತ್ತಾರೆ. ಕಂಡಕ್ಟರ ಸ್ಕೋರು ಒಳ್ಳೆಯದು. ಅದು ಅವರ ಪೆಟ್ಟಿಗೆಯಲ್ಲಿ, ಅವರ ಜೊತೆಗೇ ಹೋಗಿದೆ.

“ಗ್ರಾಮಫೋನ್ ಇದ್ದಾಳಲ್ಲಮ್ಮಾ” ಎಂದರು ಟಿಂಪನಿಯವರು. ಒಂದನೇ ಓಬೋಗೆ ವಾದ್ಯವೃಂದದಲ್ಲಿ ಆ ಹೆಸರು. ಎಲ್ಲರ ನಟ್ಟನಡುವೆ ಕೂರುತ್ತಿದ್ದಳು, ಯಾರಿಗೆ ಏನು ತಿದ್ದಿಸಿದರೂ ಅವಳ ತಲೆಯಲ್ಲಿ ಉಳಿಯುತ್ತಿತ್ತು.

“ಅವಳ ಹೊಸಿಲು ತುಳಿಯೋದಕ್ಕಿಂತ ಬಾಡಿಗೆ ಪಾರ್ಟೇ ವಾಸಿ.”

“ಕೋಪದಲ್ಲಿ ಕುಯ್ಕೊಂಡ ಮೂಗು ಶಾಂತವಾದ ಮೇಲೆ ಬರುತ್ತಾ? ಮೂಗು ನಿಮ್ಮದು, ಕುಯ್ಕೊಳ್ಳಿ” ಎಂದು ಹೊರಟುಹೋದರು.

ಫೆಬ್ರವರಿ ೧೪, ಶುಕ್ರವಾರ

ಫೋನು ಮಾಡಿದೆ. ಎತ್ತಿದ್ದು ಭಾವ. ಅವರದು ಕನ್ನಡಕದ ಅಂಗಡಿ, ಮನೆಯ ಕೆಳಗೇ ಇದೆ. “ಭಾವ, ನಾನು” ಎಂದೆ. “ಬಾಮ್ಮಾ, ಇವತ್ತೇ ಬಾ” ಎಂದರು.

ಬಾಗಿಲು ತೆಗೆದವಳು ಅವಳೇ. ಕೂದಲು ಪೂರ್ತಿ ಬೆಳ್ಳಗಾಗಿದೆ. ಮೇಲಿಂದ ಕೆಳಗೆ ನೋಡಿ, “ಸೊರಗಿದೀಯಲ್ಲೇ” ಎಂದಳು. ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತು.

ಬಂದ ಕೆಲಸ ಹೇಳಿದೆ. ಕೇಳಿ ನಕ್ಕಳು, ಕೆಮ್ಮು ಹತ್ತುವವರೆಗೆ ನಕ್ಕಳು.

“ಎಲ್ಲಾ ಅಳಿಸಿದ್ಯಾ? ಕತ್ತೆ! ಒಂಬತ್ತೂ?”

“ಒಂಬತ್ತೂ.”

“ಅಯ್ಯೋ ದೇವರೇ. ನಾಳೆ ಎರಡು ಗಂಟೆಗೆ ಬರ್ತೀನಿ. ಕುರ್ಚಿಗೊಂದು ದಿಂಬು ಹಾಕಿರು.”

ಬರುವಾಗ ಭಾವ ಬೀದಿಯ ತಿರುವಿನವರೆಗೆ ಬಂದರು. ಏನೋ ಹೇಳಲು ಹೊರಟವರು, ಆಟೋ ನಿಲ್ಲಿಸಿ ನನ್ನನ್ನು ಹತ್ತಿಸಿದರು.

ಫೆಬ್ರವರಿ ೧೫, ಶನಿವಾರ

ಒಂದನೇ ಓಬೋ ಎರಡಕ್ಕೆ ಸರಿಯಾಗಿ ಬಂದಳು. ಕಣ್ಣು ಮುಚ್ಚಿ, ಮೊದಲನೇ ಸಿಂಫೊನಿಯನ್ನು ಮೊದಲ ಬಾರಿನಿಂದ ಗುನುಗತೊಡಗಿದಳು. ನಾನು ಸ್ಕೋರು ಹಿಡಿದು ಬೆರಳಿನಲ್ಲಿ ಹಿಂಬಾಲಿಸಿದೆ. ಎರಡು ನಿಮಿಷವಾಗಿರಬೇಕು, ಬೆರಳೆತ್ತಿದಳು.

“ನಿಲ್ಸು. ಎರಡನೇ ಕೊಂಬು. ಎಫ್ ಅಂತಿರುತ್ತೆ ನೋಡು. ಅದು ಎಫ್ ಶಾರ್ಪು. ಅವನು ಎಡಗೈಯವನು, ಅವನು ಬರೆದ ಶಾರ್ಪು ವಾಲಿದ ಏಣಿ ಥರ ಇರ್ತಿತ್ತು.”

ಶಾರ್ಪು ಎಂದರೆ ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಗುರುತು. ಆ ಏಣಿಯನ್ನು ಅಳಿಸಿದ್ದು ನನಗೆ ನೆನಪಿದೆ. ಹೊಸ ಏಣಿ ಬರೆದೆ.

ಸಂಜೆಯ ಹೊತ್ತಿಗೆ ಎರಡು ಸಿಂಫೊನಿ, ಐವತ್ತೆರಡು ತಿದ್ದುಪಡಿ. ಸ್ಕೋರು ಸರಿಯಿರುವ ಕಡೆಯೆಲ್ಲ ತಾಳೆ ನೋಡಿದೆ, ಒಂದೂ ತಪ್ಪಿಲ್ಲ. ಸೊಕ್ಕಿಗೆ ತಕ್ಕ ತಲೆ.

ಫೆಬ್ರವರಿ ೧೭, ಸೋಮವಾರ

ಮೂರನೆಯದು, ನಾಲ್ಕನೆಯದು. ಮೂರನೆಯದರಲ್ಲಿ ನಿಧಾನವಾದ ಶವಯಾತ್ರೆಯ ಭಾಗವಿದೆ, ಅದರ ಹಾಡನ್ನು ಪಿಟೀಲಿನಿಂದ ಓಬೋ ಎತ್ತಿಕೊಳ್ಳುತ್ತದೆ. ಅಲ್ಲಿಗೆ ಬಂದಾಗ ಬೆರಳೆತ್ತುವುದನ್ನು ಮರೆತು ಹಾಡುತ್ತಲೇ ಹೋದಳು. ನಾನೂ ನಿಲ್ಲಿಸಲಿಲ್ಲ. ಮುಗಿದ ಮೇಲೆ, “ಈಗ ಉಸಿರು ಸಾಲೋದಿಲ್ಲ ಕಣೇ” ಎಂದಳು.

ಚಹಾಕ್ಕೆ ಸಕ್ಕರೆ ಮೂರು ಚಮಚ ಹಾಕಿಕೊಂಡಳು. ಅವಳು ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ ಎಂದು ನನ್ನ ನೆನಪು. ಹನ್ನೊಂದು ವರ್ಷದಲ್ಲಿ ರುಚಿ ಬದಲಾಗಬಹುದು.

ಫೆಬ್ರವರಿ ೧೮, ಮಂಗಳವಾರ

ಐದನೆಯದು. ಆರ್ಭಟದ ಮೊದಲ ಭಾಗದಲ್ಲಿ, ಎಲ್ಲರೂ ಒಟ್ಟಿಗೆ ಅಪ್ಪಳಿಸಿ ನಿಂತಾಗ, ಓಬೋ ಮಾತ್ರ ಒಂಟಿಯಾಗಿ ನಾಲ್ಕು ಮಾತು ಹೇಳುತ್ತದೆ. ಯಾಕೆಂದು ಯಾರಿಗೂ ಗೊತ್ತಿಲ್ಲ.

“ಎಷ್ಟು ಸಲ ನುಡಿಸಿದ್ದೀನೋ ಲೆಕ್ಕವಿಲ್ಲ” ಎಂದಳು. “ಪ್ರತಿ ಸಲವೂ ಎಲ್ಲರೂ ದಢಕ್ಕನೆ ನಿಂತಾಗ, ಅಯ್ಯೋ ನಾನೇನೋ ತಪ್ಪು ಮಾಡಿದೆ, ಅದಕ್ಕೇ ಎಲ್ಲರೂ ಸುಮ್ಮನಾದ್ರು ಅನ್ನಿಸೋದು.”

ಅವಳಿಗೂ ಹಾಗೆ ಅನ್ನಿಸುತ್ತಿತ್ತು ಎನ್ನುವುದು ಹೊಸ ವಿಷಯ. ಐದನೆಯದರಲ್ಲಿ ನಲವತ್ತೊಂದು ತಿದ್ದುಪಡಿ.

ಫೆಬ್ರವರಿ ೧೯, ಬುಧವಾರ

ಕೇಳಿಯೇ ಬಿಟ್ಟೆ. ಆರನೆಯದನ್ನು ಕಟ್ಟಿನಿಂದ ಬಿಚ್ಚುತ್ತ, ಮುಖ ನೋಡದೆ ಕೇಳಿದೆ.

“ಅವತ್ತು ಪರದೆ ಹಿಂದೆ ಇದ್ದಿದ್ದು ನಾನು ಅಂತ ಗೊತ್ತಿತ್ತಾ?”

“ನಿನ್ನ ಚಪ್ಪಲಿ ಸದ್ದು ನನಗೆ ಗೊತ್ತಿರಲ್ವೇನೇ?”

“ಗೊತ್ತಿದ್ದೂ ಬೇಡ ಅಂದೆ.”

“ಅಂದೆ. ನೀನು ಓಡ್ತಿದ್ದೆ. ಕಷ್ಟದ ಜಾಗ ಬಂತು ಅಂದ್ರೆ ಸಾಕು, ಹೇಗಾದ್ರೂ ದಾಟಿಬಿಡೋಣ ಅಂತ ಓಡ್ತಿದ್ದೆ. ತಂಗಿ ಅಂತ ಸುಳ್ಳು ಹೇಳ್ಬೇಕಿತ್ತಾ? ನಾಳೆ ಆ ಸಾಲಲ್ಲಿ ನೀನೇ ಕೂತು ದಿನಾ ಮುಖಕ್ಕೆ ಹೊಡೆಸ್ಕೊಳ್ತಿದ್ದೆ.”

“ಅದನ್ನ ನನ್ನ ಹತ್ರ ಬಂದು ಹೇಳಬಹುದಿತ್ತು.”

“ಬಂದಿದ್ದೆ. ನೀನು ಬಾಗಿಲು ತೆಗೀಲಿಲ್ಲ.”

ಅದು ನಿಜ. ನಾನು ಲೋಟಗಳನ್ನು ತೊಳೆಯಲು ಹೋದೆ. ಕೋಪ ಬಂತು, ಆದರೆ ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದಕ್ಕೆ ಹೋಲಿಸಿದರೆ ಸಾಲದು ಎನ್ನುವಷ್ಟೇ ಬಂತು. ಲೋಟಗಳನ್ನು ಎರಡು ಸಲ ತೊಳೆದೆ. ವಾಪಸು ಬಂದು, “ಆರನೆಯದು ಶುರು ಮಾಡೋಣ್ವಾ?” ಎಂದೆ.

ಸಂಜೆ ಮನೆಯಲ್ಲಿ ಪಿಟೀಲು ತೆಗೆದು ಅದೇ ಪರೀಕ್ಷೆಯ ತುಣುಕು ನುಡಿಸಿ ನೋಡಿದೆ. ಹೌದು, ಓಡುತ್ತೇನೆ.

ಫೆಬ್ರವರಿ ೨೦, ಗುರುವಾರ

ಅಕ್ಕನನ್ನು ಕರೆದುಕೊಂಡು ಹೋಗಲು ಭಾವ ಬಂದಿದ್ದರು. ಅವಳು ಕೈ ತೊಳೆಯಲು ಹೋದಾಗ ಹತ್ತಿರ ಬಂದರು.

“ಮೂರು ತಿಂಗಳಿಂದ ಮನೆ ಬಿಟ್ಟು ಹೊರಗೆ ಹೋಗಿರ್ಲಿಲ್ಲಮ್ಮಾ. ಅಂಗಡೀಲಿ ಗಿರಾಕಿಗಳ ಎದುರಿಗೆ ನನ್ನ ಹೆಸರು ಮರೆತುಹೋಯ್ತು ಅವಳಿಗೆ. ನಿಂತುಬಿಟ್ಟಳು, ನನ್ನನ್ನೇ ನೋಡ್ತಾ. ಡಾಕ್ಟರಿಗೆ ತೋರಿಸಿದೀವಿ. ಅದು ಹೋಗುವ ಕಾಯಿಲೆ ಅಲ್ಲ, ನಿಧಾನ ಮಾಡಬಹುದು ಅಷ್ಟೇ ಅಂದ್ರು. ಅವಳಿಗೂ ಗೊತ್ತು.”

“ಇಲ್ಲಿ ಒಂದೂ ತಪ್ಪಿಲ್ಲವಲ್ಲ ಭಾವ.”

“ಅದಕ್ಕೇ ಬರ್ತಿರೋದು. ಬೆಳಿಗ್ಗೆಯೇ ಸೀರೆ ಉಟ್ಟು ಕೂತಿರ್ತಾಳೆ.”

ಅಕ್ಕ ಬಂದಳು. “ಏನು ಪಿಸಿಪಿಸಿ?” ಎಂದಳು. ಏನಿಲ್ಲ ಎಂದೆವು, ಇಬ್ಬರೂ ಒಟ್ಟಿಗೆ.

ಫೆಬ್ರವರಿ ೨೧, ಶುಕ್ರವಾರ

ಏಳನೆಯದು ನಿನ್ನೆ ಮುಗಿದಿತ್ತು, ಇವತ್ತು ಎಂಟನೆಯದು. ಚಿಕ್ಕದು, ತಮಾಷೆಯದು. ನಡುವೆ ಅಕ್ಕ ಏಳನೆಯದರ ಒಂದು ತಿದ್ದುಪಡಿಯನ್ನು ಎಂಟನೆಯದರದ್ದೆಂದು ಹೇಳಿದಳು. ಬರೆದುಕೊಂಡೆ. ಅವಳು ಹೋದ ಮೇಲೆ ಅಳಿಸಿದೆ.

ಫೆಬ್ರವರಿ ೨೨, ಶನಿವಾರ

ಒಂಬತ್ತನೆಯದು. ಬೆಳಿಗ್ಗೆಯಿಂದಲೇ ಕೂತೆವು. ಮೊದಲ ಮೂರು ಭಾಗ ಸಲೀಸಾಗಿ ಹೋಯಿತು. ಕೊನೆಯ ಭಾಗ ದೊಡ್ಡದು, ಅದರಲ್ಲಿ ಹಾಡುವವರೂ ಇದ್ದಾರೆ. ಅಲ್ಲಿ ಒಂದು ಕಡೆ ಅಕ್ಕ ಬೆರಳೆತ್ತಿದಳು.

“ವಯೋಲಾ. ಸಿ ಶಾರ್ಪ್ ಅಂತ ಅಚ್ಚಾಗಿದೆಯಲ್ಲ, ಅದು ತಪ್ಪು. ಬರೀ ಸಿ.”

ಸ್ಕೋರಿನಲ್ಲಿ ಸಿ ಶಾರ್ಪೇ ಇದೆ. ಅದೇ ಸ್ವರಗಳನ್ನು ಜೊತೆಗೆ ಊದುವ ಬಸೂನು ಎಂಬ ಉದ್ದ ಕೊಳವೆಯ ವಾದ್ಯದ ಪಾರ್ಟಿನಲ್ಲೂ ಸಿ ಶಾರ್ಪು. ಹಾಗೆಂದು ಹೇಳಿದೆ.

“ಸ್ಕೋರೂ ಅದೇ ಅಚ್ಚುಕೂಟದ್ದು ತಾನೇ? ಅದಕ್ಕೇನು ಗೊತ್ತು!”

“ಒಂದ್ಸಲ ಹಾಡಿ ನೋಡಕ್ಕ.”

ಹಾಡಿದಳು. ಶಾರ್ಪೇ ಹಾಡಿದಳು. ಮತ್ತೆ ಹಾಡಿದಳು, ಈ ಸಲ ಬರೀ ಸಿ. ಎರಡಕ್ಕೂ “ನೋಡಿದ್ಯಾ?” ಎಂದಳು. ಎರಡೂ ಒಂದೇ ಅಲ್ಲ ಎಂದು ಅವಳಿಗೆ ಆಮೇಲೆ ಹೊಳೆದಿರಬೇಕು, ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

“ಬೇರೆ ಎಲ್ಲಾ ಹೋಗ್ತಿದೆ ಕಣೇ” ಎಂದಳು. “ನಿನ್ನ ಭಾವ ಹೇಳಿರ್ತಾರೆ, ನನಗೇನು ಗೊತ್ತಾಗಲ್ವಾ? ಇದೊಂದು ತಲೇಲಿ ಉಳಿದಿದೆ. ಇದೂ ತಪ್ಪು ಅಂತೀಯಾ?”

ನನಗೆ ಅಳು ಬಂತು. ಅವಳ ಎದುರಿಗೆ ಅಳುವುದು ಸರಿಯಲ್ಲ ಎಂದು ಪೆನ್ಸಿಲ್ ಚೂಪು ಮಾಡಿದೆ. ವಯೋಲಾದವರು ಹತ್ತು ಜನ, ಇಬ್ಬರಿಗೆ ಒಂದರಂತೆ ಐದು ಪಾರ್ಟು. ಅಕ್ಕ ನೋಡುತ್ತಿದ್ದ ಹಾಗೆ ಐದರಲ್ಲೂ ಅವಳು ಹೇಳಿದ್ದನ್ನೇ ಬರೆದೆ.

“ಸ್ವಲ್ಪ ದಪ್ಪಗೆ ಬರಿ” ಎಂದಳು. “ಆ ಮೂಲೆಯವನಿಗೆ ಕಣ್ಣು ಮಂಜು.”

ದಪ್ಪಗೆ ಬರೆದೆ.

ಫೆಬ್ರವರಿ ೨೩, ಭಾನುವಾರ

ಲೈಬ್ರರಿ ತೆಗೆಸಿಕೊಂಡು ಒಬ್ಬಳೇ ಹೋಗಿ ಕೂತೆ. ಅವಳು ಮುನ್ನೂರಕ್ಕೂ ಹೆಚ್ಚು ಸರಿಯಾಗಿ ಹೇಳಿದ್ದಾಳೆ. ನಾನು ಪರದೆಯ ಹಿಂದೆ ಓಡಿದವಳು, ನನ್ನ ಕಿವಿಯನ್ನು ಯಾರು ನಂಬಬೇಕು? ಇದೂ ಸ್ಕೋರೂ ಪಾರ್ಟೂ ಸೇರಿ ಹೇಳುವ ಸುಳ್ಳಾಗಿದ್ದರೆ, ನಾಳೆ ಕೋಲು ನಿಲ್ಲುತ್ತದೆ, ಮ್ಯಾನೇಜರಿಗೆ ಅಷ್ಟು ಸಾಕು. ಸರಿಯಾದದ್ದನ್ನು ತಿದ್ದಿಟ್ಟರೂ ಅಷ್ಟೇ.

ಆ ಸಾಲನ್ನು ಪಿಟೀಲಿನಲ್ಲಿ ನುಡಿಸಿದೆ, ಹತ್ತು ಸಲ, ಓಡದೆ. ಸಿ ಶಾರ್ಪೇ.

ಐದು ಪಾರ್ಟು, ಐದು ದಪ್ಪ ಗುರುತು. ಅಳಿಸಿದೆ. ಜನವರಿಯಲ್ಲಿ ಸಾವಿರಾರು ಅಳಿಸಿದವಳಿಗೆ ಈ ಐದಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು.

ಫೆಬ್ರವರಿ ೨೮, ಶುಕ್ರವಾರ

ಸೋಮವಾರದಿಂದ ಇವತ್ತಿನವರೆಗೆ ಒಂಬತ್ತನ್ನೂ ಒಂದು ಸುತ್ತು ಓಡಿಸಿದರು. ಪಾರ್ಟಿನ ದೆಸೆಯಿಂದ ಕೋಲು ನಿಂತದ್ದು ಎರಡೇ ಸಲ, ಎರಡೂ ಎಂಟನೆಯದರಲ್ಲಿ. ಒಂಬತ್ತನೆಯದರ ಆ ಜಾಗದಲ್ಲಿ ಕಂಡಕ್ಟರು ತಮ್ಮ ಸ್ಕೋರಿನ ಪುಟ ತಿರುವಿ ಮುಂದೆ ಹೋದರು.

ಆಮೇಲೆ ನನ್ನ ಹತ್ತಿರ ಬಂದು, “ಗೋಡೆ ಬರಹ ಅಂದಿದ್ದೆ. ತಪ್ಪಾಯ್ತು” ಎಂದರು. ಆ ಗಡ್ಡಕ್ಕೆ ಇಷ್ಟು ದೊಡ್ಡ ಮಾತು ಹೊರುವ ಶಕ್ತಿ ಇದೆ ಎಂದುಕೊಂಡಿರಲಿಲ್ಲ. ಮ್ಯಾನೇಜರು ಮುಂದಿನ ವರ್ಷದ ಕಾರ್ಯಕ್ರಮದ ಪಟ್ಟಿಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದಾರೆ. ಬಾಡಿಗೆ ಎಂಬ ಪದ ಅದರಲ್ಲಿ ಎಲ್ಲೂ ಇಲ್ಲ.

ಅಕ್ಕನಿಗೆ ಫೋನು ಮಾಡಿ ಕೆಲಸ ಉಳಿಯಿತು ಎಂದೆ. “ಉಳೀದೇ ಏನು?” ಎಂದಳು. ಹತ್ತು ನಿಮಿಷ ಬಿಟ್ಟು ಅವಳೇ ಫೋನು ಮಾಡಿ, ಕೆಲಸದ ವಿಷಯ ಏನಾಯಿತು ಎಂದು ಕೇಳಿದಳು. ಮತ್ತೆ ಹೇಳಿದೆ.

ಮಾರ್ಚಿ ೨೯, ಶನಿವಾರ

ಇವತ್ತು ಸಂಜೆ ಒಂಬತ್ತನೆಯದು, ಸಾಲಿನ ಕೊನೆಯ ಕಛೇರಿ. ಮೇಲಿನ ಬಾಲ್ಕನಿಯಲ್ಲಿ ಅಕ್ಕ, ಭಾವ, ನಾನು. ಅಕ್ಕ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಕೆಳಗೆ ಓಬೋ ನುಡಿಸುತ್ತಿದ್ದ ಹುಡುಗಿಯನ್ನು ತೋರಿಸಿ, “ಪರವಾಗಿಲ್ಲ, ಕಲೀತಾಳೆ” ಎಂದಳು. ಮೂರನೇ ಭಾಗದಲ್ಲಿ ಒಮ್ಮೆ, ನಾವು ಬಂದಿರುವುದು ಯಾವ ಊರಿಗೆ ಎಂದು ಭಾವನನ್ನು ಮೆಲ್ಲಗೆ ಕೇಳಿದಳು. ಅವರು ಮೆಲ್ಲಗೆ ಹೇಳಿದರು.

ಕೊನೆಯ ಭಾಗ ಶುರುವಾದಾಗಿನಿಂದ ನನ್ನ ಕೈ ಹಿಡಿದುಕೊಂಡೇ ಇದ್ದಳು. ಆ ಜಾಗ ಹತ್ತಿರ ಬಂತು. ಅವಳ ಹಿಡಿತ ಬಿಗಿಯಾಯಿತು, ನನ್ನ ಉಂಗುರ ಒತ್ತಿ ನೋವಾಗುವಷ್ಟು. ವಯೋಲಾ ಮತ್ತು ಬಸೂನು ಆ ಸಾಲನ್ನು ನುಡಿಸಿದವು. ಸಿ ಶಾರ್ಪು, ಹತ್ತೂ ಜನ, ಸ್ಪಷ್ಟವಾಗಿ.

ಅಕ್ಕನ ಮುಖ ಅರಳಿತು. ಕಿವಿಯ ಹತ್ತಿರ ಬಗ್ಗಿದಳು.

“ಕೇಳಿದ್ಯಾ? ಬರೀ ಸಿ. ನಾನು ಹೇಳಿರ್ಲಿಲ್ವಾ?”

“ಹೂಂ ಅಕ್ಕ” ಎಂದೆ. “ಬರೀ ಸಿ. ನೀನು ಹೇಳಿದ್ದೇ ಸರಿ.”

“ಮತ್ತೆ!” ಎಂದು ಕೈ ಬಿಟ್ಟಳು. ಸೆರಗು ಸರಿಮಾಡಿಕೊಂಡು, ಮುಂದಕ್ಕೆ ಬಾಗಿ, ಉಳಿದದ್ದನ್ನು ಕೇಳುತ್ತ ಕೂತಳು.